ಮನೆ ಎತ್ತಿದ ಗಂಟಲು

ನಮ್ಮ ಅತ್ತೆಯ ಗಂಟಲಿಗೆ ಇಡೀ ಬೀದಿಯೇ ಬೆಚ್ಚುತ್ತದೆ. ಅವರು ಅಡುಗೆಮನೆಯಲ್ಲಿ ನಿಂತು "ಉಪ್ಪೆಲ್ಲೇ?" ಅಂದರೆ ಎದುರುಮನೆಯವರು ಉಪ್ಪು ತಂದುಕೊಡುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ, ಬೈಯುತ್ತಿದ್ದಾರೋ ಊಟಕ್ಕೆ ಕರೆಯುತ್ತಿದ್ದಾರೋ ತಿಳಿಯದೆ ನಾನು ಎರಡಕ್ಕೂ ಅತ್ತಿದ್ದೇನೆ. ನನ್ನದೋ, ಪಕ್ಕದಲ್ಲಿ ಕೂತವರಿಗೂ ಕೇಳಿಸದ ದನಿ.

ಅಂಥ ಅತ್ತೆಯನ್ನೂ ಹೆದರಿಸಿದ್ದು ಅಡುಗೆಮನೆಯ ಗೋಡೆ. ಮನೆಯ ಹಿಂದಿನ ಮೂಲೆಯ ಪಾಯ ಕುಸಿಯುತ್ತಿತ್ತು. ಹಾಲು ಚೆಲ್ಲಿದರೆ ಓಟ ಕಿತ್ತು ಆ ಮೂಲೆ ಸೇರುತ್ತಿತ್ತು. ಕಿಟಕಿಯಿಂದ ನೆಲದವರೆಗೆ ಬೆರಳು ತೂರುವಷ್ಟು ಬಿರುಕು, ಅದರಾಚೆ ಬೆಳಕು. ಬಂದ ಇಂಜಿನಿಯರು ಕೆಡವಿಬಿಡಿ ಎಂದರು.

"ಈ ಗೋಡೆಗೆ ಇಟ್ಟಿಗೆ ಹೊತ್ತೋಳು ನಾನು. ಕೆಡವೋಕೆ ಯಾರು ಬರ್ತಾರೋ ಬರ್ಲಿ, ನೋಡ್ತೀನಿ!" ಎಂದರು ಅತ್ತೆ.

ಕೊನೆಗೆ ಕುಸಿದ ಮನೆಗೆ ಜಾಕಿ ಕೊಟ್ಟು ಎತ್ತುವ ಮೇಸ್ತ್ರಿಯೊಬ್ಬರು ಸಿಕ್ಕರು. "ಎತ್ತಿ ನೋಡೋಣಮ್ಮ. ಆದ್ರೆ ಎತ್ತುವಾಗ ಗೋಡೆ ಸೀಳಿತು ಅಂದ್ರೆ ಕೆಡವಲೇಬೇಕು," ಎಂದರು. ಅತ್ತೆ ತಲೆಯಾಡಿಸಿದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಗೋಡೆಯ ಸುತ್ತ ಗುಂಡಿ ತೋಡಿ, ಅದರ ಬುಡದಡಿ ಕಬ್ಬಿಣದ ತೊಲೆ ತೂರಿಸಿ, ಅದರ ಕೆಳಗೆ ಜಾಕಿಗಳನ್ನು ಇಟ್ಟರು. ಜಾಕಿಗೊಬ್ಬ ಆಳು. ಗುಂಡಿಯಲ್ಲಿ ಕೂತ ಒಬ್ಬನಿಗೆ ಇನ್ನೊಬ್ಬ ಕಾಣುವುದಿಲ್ಲ. ಮೇಸ್ತ್ರಿ "ಹಾಕು!" ಎಂದು ಕೂಗಿದಾಗ ಎಲ್ಲರೂ ಒಟ್ಟಿಗೆ ಕಾಲು ಸುತ್ತು ತಿರುಗಿಸಬೇಕು. ಒಬ್ಬ ಹಿಂದೆ ಬಿದ್ದರೂ ಗೋಡೆ ಸೀಳುತ್ತದೆ. ನನ್ನ ಕೆಲಸ ಅಡುಗೆಮನೆಯಲ್ಲಿ ಕೂತು ಬಿರುಕು ನೋಡುವುದು. ಅದರ ಅಂಚುಗಳು ಕೂಡಿದ ಕೂಡಲೇ ಕಿಟಕಿಯಾಚೆ ನಿಂತ ನನ್ನ ಗಂಡನಿಗೆ ಹೇಳಬೇಕು. ಆಮೇಲೆ ಒಂದೇ ಒಂದು ಸುತ್ತು ಹೆಚ್ಚಾದರೂ ಗೋಡೆ ಮೇಲಿನಿಂದ ಬಿರಿಯುತ್ತದಂತೆ.

ಬೆಳಿಗ್ಗೆಯಿಂದ ಕೂಗಿ ಕೂಗಿ ಮಧ್ಯಾಹ್ನಕ್ಕೆ ಮೇಸ್ತ್ರಿಯ ಗಂಟಲು ಕಟ್ಟಿಹೋಯಿತು. ಹಿಂದಿನ ಗುಂಡಿಯವರಿಗೆ ಕೇಳಿಸಲಿಲ್ಲ, ತಡವಾಗಿ ತಿರುಗಿಸಿದರು. ಗೋಡೆ ಟಪ್ಪೆಂದಿತು. ನನ್ನ ತಲೆಯ ಮೇಲೆ ಗಾರೆಯ ಪುಡಿ ಉದುರಿತು.

ಮೇಸ್ತ್ರಿ ಎರಡೂ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ, ಬರೀ ಗಾಳಿಯಂಥ ದನಿಯಲ್ಲಿ, "ಕೂಗೋರು ಯಾರಾದ್ರೂ ಬೇಕು," ಎಂದರು. ಮನೆಮಂದಿಯೆಲ್ಲ ಒಬ್ಬರತ್ತಲೇ ತಿರುಗಿದರು.

"ಏನು, ನನ್ನನ್ನ ಆಡ್ಕೋತಿದೀರಾ?" ಅತ್ತೆ ಸಿಡುಕಿದರು.

ಮೇಸ್ತ್ರಿ ಕೈಮುಗಿದರು. "ಇಲ್ಲಮ್ಮ. ಈಗ ನೀವೇ ಕಾಪಾಡ್ಬೇಕು."

ಅತ್ತೆ ಮರಳ ಗುಡ್ಡೆ ಹತ್ತಿ ನಿಂತರು. ಮೇಸ್ತ್ರಿ ಬೆರಳೆತ್ತಿದರು.

"ಹಾಕೂ!"

ಕಿಟಕಿಯ ಗಾಜು ಗಲಗಲಿಸಿತು. ನಾಲ್ಕೂ ಕಡೆಯ ಜಾಕಿಗಳು ಒಂದೇ ಸಲ ಕಿರುಗುಟ್ಟಿದವು. ಮತ್ತೆ "ಹಾಕೂ!" ಮತ್ತೆ ಅದೇ ಕಿರುಗುಟ್ಟುವ ಸದ್ದು.

ನನ್ನ ಕಣ್ಣೆದುರೇ ಬಿರುಕಿನ ಬೆಳಕು ಸಣ್ಣಗಾಗತೊಡಗಿತು. ಯಾರೂ ಮುಟ್ಟುತ್ತಿಲ್ಲ, ಗೋಡೆ ತಾನಾಗಿ ತನ್ನನ್ನು ಹೊಲಿದುಕೊಳ್ಳುತ್ತಿದೆ! ಛಾವಣಿ, ಒಲೆ, ಪಾತ್ರೆಪಗಡೆ, ನೆಲಕ್ಕಂಟಿ ಕೂತ ನಾನು, ಎಲ್ಲ ಒಬ್ಬ ಹೆಂಗಸಿನ ಕೂಗಿಗೆ ಮೇಲೇಳುತ್ತಿದ್ದೆವು. ನನ್ನ ಮಗು ಹುಟ್ಟಿದ ದಿನ ಬಿಟ್ಟರೆ ಅಷ್ಟು ಬೆರಗು ನನಗೆ ಇನ್ನೆಂದೂ ಆಗಿರಲಿಲ್ಲ. ಇದೇ ಗಂಟಲಿಗೆ ಹೆದರಿ ನಾನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದುಂಟು.

ಬಿರುಕು ದಾರದಷ್ಟಾಯಿತು, ಕೂದಲೆಳೆಯಷ್ಟಾಯಿತು. ಅಂಚುಗಳು ಕೂಡಿದವು.

"ಕೂಡ್ತು ರೀ," ಎಂದೆ. ನನ್ನ ಗಂಡ ಬಾಯಿ ಬಿಟ್ಟುಕೊಂಡು ತಾಯಿಯನ್ನೇ ನೋಡುತ್ತಿದ್ದರು. "ರೀ!" ಎಂದೆ. ಕೇಳಿಸಲಿಲ್ಲ. ಹೊರಗೆ ಅತ್ತೆ ಮುಂದಿನ ಕೂಗಿಗೆ ಉಸಿರೆಳೆದುಕೊಂಡರು.

"ನಿಲ್ಸೀ ಅತ್ತೇ!"

ಆ ದನಿ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ನನ್ನ ಗಂಡ ಬೆಚ್ಚಿಬಿದ್ದರು. ಹೊರಗೆ ಒಂದು ಜಾಕಿಯೂ ಅಲುಗಲಿಲ್ಲ.

ಮೇಸ್ತ್ರಿ ಒಳಗೆ ಬಂದು ರಸಮಟ್ಟವನ್ನು ನೆಲದ ಮೇಲಿಟ್ಟರು. ಅದರ ಗಾಳಿಗುಳ್ಳೆ ನಟ್ಟನಡುವೆ ನಿಂತಿತು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಗೆದ್ದೆವು ಎಂಬಂತೆ ತಲೆಯಾಡಿಸಿದರು. ಹಿಂದೆಯೇ ಬಂದ ಅತ್ತೆ, ಬಿರುಕಿದ್ದ ಜಾಗವನ್ನು ಅಂಗೈಯಿಂದ ಸವರಿದರು. ಮತ್ತೆ ಸವರಿದರು. ಕಣ್ಣು ತುಂಬಿಕೊಂಡಿತ್ತು. ನಾನು ಸಂತೋಷ ತಡೆಯಲಾರದೆ, "ಉಳೀತು ಅತ್ತೆ! ನಮ್ಮನೆ ಉಳೀತು!" ಎಂದು ಕಿರುಚಿದೆ.

ಅತ್ತೆ ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಮೆಲ್ಲಗೆ ಕಣೇ," ಎಂದು ಪಿಸುಗುಟ್ಟಿದರು. "ಈಗ ತಾನೇ ಎದ್ದು ನಿಂತಿದೆ."