ಚಿಕ್ಕಮ್ಮನ ಎರಡು ಮೆನು

ಚಪ್ಪಲಿ ಕಾರ್ಖಾನೆಯ ಮಹಡಿಯ ಕೋಣೆಯಲ್ಲಿ ನನ್ನ ಚಿಕ್ಕಮ್ಮ ಚರ್ಮ ಕತ್ತರಿಸಲು ಬೇಕಾದ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಅವಳ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು, ಹೊಸ ಕಂಪ್ಯೂಟರು ಅದನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಅದಕ್ಕೇ ಹೊಸದರ ತೆರೆಯ ಮೇಲೆ ಒಂದು ಕಿಟಕಿ ತೆಗೆದು, ಅದರೊಳಗೆ ಹಳೇ ಕಂಪ್ಯೂಟರಿನ ಹಾಗೆ ನಡೆಯುವ ಇನ್ನೊಂದನ್ನು ಓಡಿಸುತ್ತೇವೆ. ವರ್ಚುವಲ್ ಮಷೀನ್ ಅಂತ ಅದರ ಹೆಸರು. ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನ ಪಾಲಿಗೆ ಬರೀ ತಲೆನೋವು.

ಕಂಪ್ಯೂಟರು ಎರಡಾದ ಮೇಲೆ ಮೆನುಗಳೂ ಎರಡು. ತೆರೆಯ ಮೇಲ್ತುದಿಯಲ್ಲಿ ಹೊರಗಿನದು, ಕಿಟಕಿಯಲ್ಲಿ ಒಳಗಿನದು. ಎರಡರಲ್ಲೂ ‘ಮುಚ್ಚು’ ಇದೆ. ಒಳಗಿನದನ್ನು ಒತ್ತಿದರೆ ನಕ್ಷೆ ಮಾತ್ರ ಮುಚ್ಚಿಕೊಳ್ಳುತ್ತದೆ. ಹೊರಗಿನದನ್ನು ಒತ್ತಿದರೆ ಒಳಗಿನ ಕಂಪ್ಯೂಟರೇ ಆರಿಹೋಗಿ, ಉಳಿಸದ ಕೆಲಸವೆಲ್ಲ ಮಣ್ಣುಪಾಲು. ಮಾಲೀಕರ ಸೊಸೆ ಒಮ್ಮೆ ಕೂತು, ಬೆಳಗಿನ ಕೆಲಸವನ್ನೆಲ್ಲ ಕಳೆದುಕೊಂಡು, ಸಹವಾಸವೇ ಬೇಡ ಎಂದು ಎದ್ದುಹೋಗಿದ್ದಳು. ಆಮೇಲೆ ಆ ಕುರ್ಚಿಯ ಕಡೆ ಯಾರೂ ತಲೆ ಹಾಕಲಿಲ್ಲ. ಚಿಕ್ಕಮ್ಮ ಮಾತ್ರ ಗೊಣಗುತ್ತಲೇ ನಿಭಾಯಿಸುತ್ತಿದ್ದಳು.

ಈಚೆಗೆ ಮಾಲೀಕರು ಒಬ್ಬೊಬ್ಬರನ್ನೇ ಮನೆಗೆ ಕಳಿಸತೊಡಗಿದ್ದರು. ಚಿಕ್ಕಪ್ಪ ಹಾಸಿಗೆ ಹಿಡಿದ ಮೇಲೆ ಆ ಮನೆ ನಡೆಯುತ್ತಿದ್ದದ್ದೇ ಚಿಕ್ಕಮ್ಮನ ಸಂಬಳದಿಂದ.

“ಈಗ ಒಂದು ಸಲ ತಪ್ಪು ಒತ್ತಿದ್ರೂ ನನ್ ಕಥೆ ಮುಗೀತು ಕಣೋ,” ಎಂದಳು. “ಎರಡನ್ನೂ ಒಂದೇ ಕಡೆ ತಂದ್ಬಿಡು, ನಿನಗೆ ಪುಣ್ಯ ಬರುತ್ತೆ.”

ತಂದೇಬಿಟ್ಟೆ. ಎಷ್ಟು ತಿಣುಕಾಡಿದೆನೆಂದು ಹೇಳಿ ಪ್ರಯೋಜನವಿಲ್ಲ. ಅವಳು ನಕ್ಷೆಯ ಮೇಲೆ ಕೈಯಿಟ್ಟರೆ ಸಾಕು, ಒಳಗಿನ ಮೆನು ಮೇಲ್ತುದಿಗೆ ಬಂದು ಕೂರುತ್ತಿತ್ತು. ಹೊರಗಿನದು ಕಣ್ಣಿಗೇ ಬೀಳುತ್ತಿರಲಿಲ್ಲ. ಯಾವುದು ಒಳಗಿನ ಕಂಪ್ಯೂಟರು, ಯಾವುದು ಹೊರಗಿನದು ಎಂದು ನನಗೇ ಒಂದು ಕ್ಷಣ ಗೊಂದಲವಾಯಿತು. ಮೈ ಹಿಂಡಿ ಹಾಕಿದಂತಾಗಿದ್ದರೂ ಹೆಮ್ಮೆಯಿಂದ ಮಾಲೀಕರನ್ನು ಕರೆದು ತೋರಿಸಿದೆ. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ನಾನು?

“ಇಷ್ಟೇನಾ? ಹಾಗಾದ್ರೆ ಯಾರು ಬೇಕಾದ್ರೂ ಮಾಡಬಹುದಲ್ಲ!” ಎಂದ ಮಾಲೀಕರು ಸೊಸೆಯನ್ನು ಕೂಗಿ ಕರೆದರು.

ಚಿಕ್ಕಮ್ಮ ಎದ್ದು ಜಾಗ ಬಿಟ್ಟಳು. ಸೊಸೆ ಒಂದು ನಕ್ಷೆ ತೆರೆದಳು, ತಿದ್ದಿದಳು, ಮುಚ್ಚಿದಳು. ಏನೂ ಕಳೆದುಹೋಗಲಿಲ್ಲ.

“ನಿಮಗೂ ಸಾಕಾಗಿರುತ್ತಮ್ಮ,” ಎಂದರು ಮಾಲೀಕರು, ಬಹಳ ಮೃದುವಾಗಿ. “ಈ ವಾರ ಇವಳಿಗೆ ಎಲ್ಲ ಹೇಳಿಕೊಟ್ಟುಬಿಡಿ. ಆಮೇಲೆ ಆರಾಮಾಗಿ ಮನೇಲಿರಿ.”

ಸಂಜೆ ಮೆಟ್ಟಿಲಿಳಿಯುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ.

“ಚಿಕ್ಕಮ್ಮ, ಮೊದಲಿದ್ದ ಹಾಗೇ ಮಾಡಿಬಿಡ್ತೀನಿ. ಕೆಟ್ಟುಹೋಯ್ತು ಅಂದ್ರಾಯ್ತು.”

“ಬೇಡಪ್ಪ. ಆಗ ನಿನ್ನನ್ನೂ ಕಳಿಸ್ತಾರೆ.” ಅವಳು ಕಂಬಿ ಹಿಡಿದು ನಿಂತಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಕೆಲಸ ಚೆನ್ನಾಗೇ ಮಾಡಿದೀಯ. ಒಂದುಪಕಾರ ಮಾಡು, ಈಗ ನನ್ ಜೊತೆ ಮನೆಗೆ ಬಾ. ನಿಮ್ಮ ಚಿಕ್ಕಪ್ಪನಿಗೆ ನೀನೇ ಹೇಳು.”