ಓರಗಿತ್ತಿಗೆ ಹೊಡೆದ ಲಾಟರಿ

ಲಾಟರಿ ಟಿಕೆಟ್ ಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ನಾನು ಹೇಳುತ್ತಲೇ ಬಂದವಳು. ಯಾರಿಗೆ? ನನ್ನ ಓರಗಿತ್ತಿಗೆ. ಮೈದುನನ ಹೆಂಡತಿ, ನನಗಿಂತ ಚಿಕ್ಕವಳು. ಲಾಂಡ್ರಿಯಲ್ಲಿ ನನ್ನ ಪಕ್ಕದ ಇಸ್ತ್ರಿ ಮೇಜು ಅವಳದು. ಕೆಲಸ ಕೊಡಿಸಿದ್ದೂ ನಾನೇ, ಕಾಲರನ್ನು ತುದಿಯಿಂದ ಒಳಕ್ಕೆ ಒತ್ತಬೇಕು ಅಂತ ಕಲಿಸಿದ್ದೂ ನಾನೇ. ವಾರದ ಬಟವಾಡೆ ಕೈಗೆ ಬಂದ ಕೂಡಲೇ ಅವಳು ಒಂದು ಟಿಕೆಟ್ ತರುವಳು, ನಾನು ಅಷ್ಟೇ ದುಡ್ಡನ್ನು ಡಬ್ಬಿಗೆ ಹಾಕುವೆ. ನನಗೆ ಬೇಕಿದ್ದುದು ಸ್ವಂತದ್ದೊಂದು ಇಸ್ತ್ರಿ ಅಂಗಡಿ. ಯಜಮಾನನ ಗೊಣಗಾಟ ಇಲ್ಲದ, ನನ್ನದೇ ಬೋರ್ಡಿನ ಅಂಗಡಿ.

“ಆ ದುಡ್ಡು ಕೂಡಿಟ್ಟಿದ್ರೆ ಇಷ್ಟೊತ್ತಿಗೆ ಏನಾದ್ರೂ ಆಗ್ತಿತ್ತಲ್ಲೇ” ಅಂದರೆ, “ನಿಮ್ಮ ಡಬ್ಬಿ ತುಂಬ್ತಾ ಅಕ್ಕಾ?” ಅಂತ ನಗುವಳು.

ತುಂಬಿರಲಿಲ್ಲ. ಒಮ್ಮೆ ಮಗಳ ಹಲ್ಲು, ಒಮ್ಮೆ ಗಂಡನ ಸೈಕಲ್ಲು, ಯಾವುದೋ ಒಂದು ಅದನ್ನು ಬರಿದು ಮಾಡುತ್ತಲೇ ಇತ್ತು.

ಹೋದ ತಿಂಗಳು ಒಂದು ಮಧ್ಯಾಹ್ನ ಅವಳು ಫೋನ್ ನೋಡುತ್ತಿದ್ದವಳು ಕಿಟಾರನೆ ಕಿರುಚಿದಳು. “ಹೊಡೀತು ಅಕ್ಕಾ! ಎರಡನೇ ಬಹುಮಾನ!” ನಾನು ಕನಸು ಕಂಡಂಥ ಅಂಗಡಿ ಎರಡು ಬರುವಷ್ಟು ದುಡ್ಡು. ಎಲ್ಲರಿಗಿಂತ ಮೊದಲು ನಾನೇ ಅವಳನ್ನು ಅಪ್ಪಿಕೊಂಡೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಒಂದು ಅಂಗಿ ನೆಟ್ಟಗೆ ಮಡಚಲು ಬಾರದವಳಿಗೆ ಇದೆಂಥ ಯೋಗ!

ಏಪ್ರನ್ ಜೇಬಿನಿಂದ ಅವಳು ಟಿಕೆಟ್ ತೆಗೆದಳು. ಹಬೆಗೆ ಒದ್ದೆಯಾಗಿ ಮುದ್ದೆಯಾಗಿತ್ತು. “ಇಷ್ಟು ಮುದುಡಿರೋದನ್ನ ಆಫೀಸಲ್ಲಿ ಹೇಗೆ ಕೊಡ್ಲಿ?” ಅಂತ ಮೇಜಿನ ಮೇಲೆ ಹರಡಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ನಮ್ಮ ಬುದ್ಧಿಯೇ ಅಷ್ಟು. ಸುಕ್ಕು ಕಂಡರೆ ಕೈ ಸುಮ್ಮನಿರದು, ಮಕ್ಕಳ ಪುಸ್ತಕದ ಹಾಳೆಯನ್ನೂ ಬಿಟ್ಟವರಲ್ಲ.

ಟಿಕೆಟ್, ಬಿಲ್ಲು ಅಂತ ಮೆಷಿನ್ನಿನಿಂದ ಬರುವ ಆ ನುಣುಪು ಕಾಗದ ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ. ಹಿಂದೊಮ್ಮೆ ಯಾರದೋ ಅಂಗಿಯ ಜೇಬಿನಲ್ಲಿ ಉಳಿದಿದ್ದ ಬಿಲ್ಲು ನನ್ನ ಪೆಟ್ಟಿಗೆಯಡಿ ಹಾಗಾಗಿತ್ತು. ಒಂದಕ್ಷರ ಓದಲು ಬಂದಿರಲಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ಸುಮ್ಮನಿರು ಅಂದಿತು ಹೊಟ್ಟೆಯೊಳಗಿನ ಕಿಚ್ಚು. ನೀನೇನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು, ನಾಳೆಯೂ ಅವಳು ನಿನ್ನ ಪಕ್ಕದ ಮೇಜಿನಲ್ಲೇ ಇರುತ್ತಾಳೆ.

“ಏಯ್, ಬಿಡೇ! ಕಪ್ಪಾಗುತ್ತೆ ಅದು!”

ಕೂಗಿದವಳು ನಾನೇ. ಅವಳ ಮಣಿಕಟ್ಟು ಹಿಡಿದು ಎಳೆದೆ. ಒಂದು ಮೂಲೆ ಕಪ್ಪಾಯಿತು, ನಂಬರು ಉಳಿಯಿತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಒಂದು ಗಳಿಗೆ ಮುಚ್ಚಿಕೊಂಡಿರಬಾರದಿತ್ತೇ?

ಆಮೇಲೆ ಎಲ್ಲಿ ನೋಡಿದರೂ ಅದೇ ಮಾತು. “ಅಕ್ಕ ಉಳಿಸಿಕೊಟ್ರು, ಅಕ್ಕ ಇಲ್ದಿದ್ರೆ ಮುಗೀತಿತ್ತು.” ದುಡ್ಡು ಬಂತು, ಅವಳು ಕೆಲಸ ಬಿಟ್ಟಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಇವಳು ಯಾವಾಗ ಹಿಡಿಯುತ್ತಾಳೋ ಅಂತ ಕಾದೆ. ಹಿಡಿಯಲೇ ಇಲ್ಲ. ಅದೇ ಹಳೇ ಚಪ್ಪಲಿ, ಅದೇ ನಗು. ಬೈಯಲು ಒಂದು ನೆಪವನ್ನೂ ಕೊಡಲಿಲ್ಲ, ಪಾಪಿ.

ನಿನ್ನೆ ಸಂಜೆ ಮನೆಗೆ ಬಂದಳು. ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮುಂದೆ ಹಿಡಿದಳು.

“ಚೆಕ್ ಅಕ್ಕಾ. ಬಂದದ್ರಲ್ಲಿ ಅರ್ಧ. ನೀವು ಕೂಗದಿದ್ರೆ ಅದು ಬರೀ ಕರಿ ಕಾಗದ.”

ನನ್ನ ಅಂಗಡಿ ಆ ಲಕೋಟೆಯೊಳಗಿತ್ತು. ಆದರೆ ನಮ್ಮ ಮನೆಯಲ್ಲಿ ಯಾರೇನು ಕೊಟ್ಟರೂ ಮೊದಲು ಬೇಡ ಅನ್ನಬೇಕು. ಅವರು ಒತ್ತಾಯ ಮಾಡಬೇಕು, ಆಮೇಲೆ ‘ಅಯ್ಯೋ, ನಿನ್ನ ಕಾಟ’ ಅಂತ ತೆಗೆದುಕೊಳ್ಳಬೇಕು. ಅಷ್ಟನ್ನೇ ಮಾಡಿದ್ದರೂ ಆಗುತ್ತಿತ್ತು. ನಾಲಿಗೆ ಕೇಳಬೇಕಲ್ಲ!

“ಬೇಡ ಕಣೇ. ಲಾಟರಿ ದುಡ್ಡು ನಾನು ಮುಟ್ಟೋಳಲ್ಲ, ನಿಂಗೆ ಗೊತ್ತಲ್ಲ.”

ಅವಳ ಕಣ್ಣು ತುಂಬಿತು. “ಗೊತ್ತಿತ್ತಕ್ಕಾ. ಇವರಿಗೂ ಅದನ್ನೇ ಅಂದೆ. ಅಕ್ಕ ಖಂಡಿತ ತಗೊಳಲ್ಲ, ಅವರಿಗೆ ಆಸೆನೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ ಅಂತ.” ಲಕೋಟೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಇನ್ನೊಂದೇ ಒಂದು ಸಲ ಕೇಳೇ ನನ್ನ ತಾಯಿ! ಬಾಯಿ ತೆರೆದರೆ ಅದು ಮಾತ್ರ ಹೊರಗೆ ಬರಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದಳು. ತಿರುಗಿ ಬಂದಾಳೆಂದು ಬಾಗಿಲು ಹಾಕದೆ ನಿಂತೇ ಇದ್ದೆ.

“ಯಾರೇ ಬಂದಿದ್ದು?” ಅಂದರು ಒಳಗಿನಿಂದ ನಮ್ಮವರು.

“ಯಾರೂ ಇಲ್ಲ” ಅಂದೆ.