ಸೇರಿಸಿದ ಎರಡು ವರ್ಷ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಗೆ ದಿನಕ್ಕೆ ಮೂರು ಲಾರಿ ಹೊದಿಕೆ, ಹಾಸು ಬಂದು ಬೀಳುತ್ತಿದ್ದವು. ರಕ್ತ, ಕೀವು, ವಾಂತಿ, ಮನುಷ್ಯನ ಮೈಯಿಂದ ಏನೇನು ಹೊರಬರಬಹುದೋ ಎಲ್ಲವೂ ಅದರಲ್ಲಿ. ಅವನ್ನು ಬಿಡಿಸಿ ಬೇರೆ ಬೇರೆ ಮಾಡುವುದು ಅವಳ ಕೆಲಸ. ಕೈಗವಸು ಹರಿದಿದೆ, ಬೇರೆ ಕೊಡಿ ಎಂದರೆ ಮೇಸ್ತ್ರಿ, ನಿನ್ನದೇನು ರಾಣಿಯ ಕೈಯಾ ಎಂದು ನಗುತ್ತಿದ್ದ. ಹನ್ನೆರಡು ವರ್ಷ ಬರಿಗೈಯಲ್ಲೇ ಬಳಿದಳು. ಒಂದು ದಿನವೂ ಹೇಸಿರಲಿಲ್ಲ. ಹೇಸಿದ್ದು ನ್ಯಾಯಾಲಯದಲ್ಲಿ, ನೆಲ ಫಳಫಳ ಹೊಳೆಯುತ್ತಿದ್ದ ಕೋಣೆಯಲ್ಲಿ.

ಮಗನಿಗೆ ಹತ್ತು ವರ್ಷ ಜೈಲಾಯಿತು.

ಅವನು ಮಾಡಿದ್ದಿಷ್ಟೇ. ಮೇಸ್ತ್ರಿಯ ಮಗಳನ್ನು ಇಷ್ಟಪಟ್ಟ. ಅಪ್ಪನಿಗೆ ಊಟ ತರುತ್ತಿದ್ದ ಆ ಹುಡುಗಿಯೂ ಅವನನ್ನು ಇಷ್ಟಪಟ್ಟಳು. ಅವನಿಗೆ ಹದಿನೇಳು, ಅವಳು ಐದು ತಿಂಗಳು ಚಿಕ್ಕವಳು. ಮನೆಯಲ್ಲಿ ಗೊತ್ತಾಗಿ ಅವಳಿಗೆ ಏಟು ಬಿತ್ತು. ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿದರು. ನಾಲ್ಕನೇ ದಿನ ಪೊಲೀಸರು ಹಿಡಿದು ತಂದರು.

ಕಟಕಟೆಯಲ್ಲಿ ಹುಡುಗಿ ಹೆದರಲಿಲ್ಲ. "ಅವ್ನು ನನ್ನ ಎಳ್ಕೊಂಡು ಹೋಗ್ಲಿಲ್ಲ. ಹೋಗೋಣ ಅಂದಿದ್ದು ನಾನು," ಎಂದಳು.

ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡರು. ಹುಡುಗಿ ಇನ್ನೂ ಮಗು, ಅವಳ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದರು. ಹುಡುಗನಿಗೆ ಕಾರ್ಖಾನೆಯ ಕಾಗದದ ಪ್ರಕಾರ ಹತ್ತೊಂಬತ್ತು, ಕಾನೂನು ಹೇಳಿದ್ದಕ್ಕಿಂತ ಕಡಿಮೆ ಕೊಡುವುದು ತಮ್ಮ ಕೈಯಲ್ಲಿಲ್ಲ ಎಂದೂ ಹೇಳಿದರು. ಹಸುಳೆಗಳನ್ನು ಹಾಳುಮಾಡುವ ರಾಕ್ಷಸರಿಗೆಂದು ಮಾಡಿಟ್ಟ ಶಿಕ್ಷೆ ಅದು. ಪ್ರೀತಿಸಿದ ಹುಡುಗನಿಗೂ ಅದನ್ನೇ ಎತ್ತಿ ಕೊಟ್ಟು ಮಧ್ಯಾಹ್ನದ ಊಟಕ್ಕೆ ಎದ್ದರು. ಥೂ.

ಆ ಕಾಗದದ ಕಥೆ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಮಗ ಹುಟ್ಟಿದ್ದು ಕೂಲಿಯವರ ಶೆಡ್ಡಿನಲ್ಲಿ, ಹುಟ್ಟಿದ ದಿನ ಎಲ್ಲೂ ಬರೆದಿಲ್ಲ. ಹದಿನಾರಕ್ಕೆ ಅವನನ್ನು ಕಾರ್ಖಾನೆಗೆ ಸೇರಿಸಲು ಕರೆತಂದಾಗ, ಚಿಕ್ಕವರನ್ನು ಸೇರಿಸುವ ಹಾಗಿಲ್ಲ ಎಂದು ಮೇಸ್ತ್ರಿಯೇ ಪೆನ್ನು ತೆಗೆದು ಹದಿನೆಂಟು ಎಂದು ಬರೆದಿದ್ದ. ಅವಳು ಹೆಬ್ಬೆಟ್ಟು ಒತ್ತಿ ಮೇಲಿಂದ ಕೈಯನ್ನೂ ಮುಗಿದಿದ್ದಳು. ಈಗ ದೂರು ಕೊಟ್ಟವನೂ ಅವನೇ. ತನ್ನ ಕೈಬರಹವನ್ನೇ ಸಾಕ್ಷಿಗೆ ಹೊತ್ತು ತಂದಿದ್ದ, ಪುಣ್ಯಾತ್ಮ.

ತೀರ್ಪಿನ ಮಾರನೆಯ ಬೆಳಿಗ್ಗೆ ಅವನ ಮುಂದೆ ಹೋಗಿ ನಿಂತಳು.

"ಅಣ್ಣಾ, ವಯಸ್ಸು ಬರ್ದಿದ್ದು ನೀವೇ. ಮೇಲಿನ ಕೋರ್ಟಲ್ಲಿ ಅದೊಂದು ಮಾತು ಹೇಳಿ."

"ಹೇಳಿದ್ರೆ ಕಾರ್ಖಾನೆಗೆ ಬೀಗ ಬೀಳುತ್ತೆ. ಇಲ್ಲಿರೋ ಅರ್ಧ ಮಕ್ಕಳ ವಯಸ್ಸು ನಾನೇ ಬರ್ದಿರೋದು. ಅವ್ರ ಅನ್ನಕ್ಕೆ ಕಲ್ಲು ಹಾಕ್ತೀಯಾ?"

ಆಮೇಲೆ ದನಿ ತಗ್ಗಿಸಿ, ಮಗಳಿಗೆ ಗಂಡು ಗೊತ್ತಾಗಿದೆ, ಬರುವ ತಿಂಗಳು ಮದುವೆ, ಈಗ ರಂಪ ಮಾಡಬೇಡ ಎಂದ. ಕೋರ್ಟಿನಲ್ಲಿ ಮಗುವಾಗಿದ್ದ ಹುಡುಗಿ ಮನೆಗೆ ಬರುವಷ್ಟರಲ್ಲಿ ಮದುವೆಗೆ ಬಂದಿದ್ದಳು. ಅಲ್ಲೂ ಅವಳನ್ನು ಯಾರೂ ಕೇಳಿರಲಿಲ್ಲ. ಈ ಜನರ ಮುಖ ನೋಡುವುದಕ್ಕಿಂತ ಕೀವಿನ ಬಟ್ಟೆ ವಾಸಿ ಎನಿಸಿತು ತಾಯಿಗೆ.

ಊಟದ ಹೊತ್ತಿಗೆ, ಮಗನ ಪರವಾಗಿ ವಾದಿಸಿದ್ದ ವಕೀಲಮ್ಮ ಗೇಟಿನ ಹತ್ತಿರ ಬಂದರು. ಮೇಸ್ತ್ರಿ ಸುಳ್ಳು ವಯಸ್ಸು ಬರೆಯುವುದು ಇಲ್ಲಿಯ ರೂಢಿ ಎಂದು ನಾಲ್ಕು ಜನ ಹೇಳಿಕೆ ಕೊಟ್ಟರೆ ಮೇಲ್ಮನವಿಗೆ ಬಲ ಬರುತ್ತದೆ ಎಂದರು. ಹೆಂಗಸರೆಲ್ಲ ತುತ್ತು ಕೈಯಲ್ಲಿ ಹಿಡಿದೇ ಕೂತರು.

"ಕೆಲ್ಸ ಹೋಗ್ಬಹುದು, ಅದ್ಕೇ ಬನ್ನಿ ಅಂತ ನಾನು ಕರೆಯಲ್ಲ," ಎಂದಳು ತಾಯಿ. "ಅವ್ನಿಗೆ ಹತ್ತೊಂಬತ್ತೇ ಆಗಿದ್ರೂ ಇದು ಅನ್ಯಾಯಾನೇ. ಆದ್ರೆ ಈಗ ಅವ್ನನ್ನ ಬಿಡಿಸ್ಕೊಳ್ಳೋಕೆ ನಂಗಿರೋದು ಇದೊಂದೇ ದಾರಿ."

ಆಮೇಲೆ ಇಸ್ತ್ರಿ ಯಂತ್ರದವಳು ಎದ್ದಳು. ಪಕ್ಕದಲ್ಲಿ ಕೂತಿದ್ದ ಮಗಳ ರಟ್ಟೆ ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದಳು. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಅವಳ ಹಿಂದೆ ಮತ್ತೊಬ್ಬಳು ಕೈ ಒರೆಸಿಕೊಳ್ಳುತ್ತ ಎದ್ದಳು, ಆಮೇಲೆ ಇನ್ನಿಬ್ಬರು.

"ಇವ್ಳಿಗಿನ್ನೂ ಹದಿನೈದು," ಎಂದಳು ಇಸ್ತ್ರಿ ಯಂತ್ರದವಳು. "ಅಲ್ಲಿ ನಿಂತಿದ್ದಾನಲ್ಲ, ಅವ್ನು ಮೂರು ವರ್ಷ ಸೇರ್ಸಿ ಬರ್ದ. ಬರ್ಕೊಳ್ಳಮ್ಮ, ಮೊದ್ಲು ನಂದೇ."